ಅರಳೆ, ಉಲ್ಲನ್, ಕ್ರೋಶಾ ಕಡ್ಡಿ

ಶ್ರಾವಣ ಹತ್ತಿರವಾಯಿತೆಂದರೆ ಬಸವೇಶ್ವರನಗರದ ಗ್ರಂಥಿಗೆ ಅಂಗಡಿಗಳ ಮುಂದೆ ಗೆಜ್ಜೆವಸ್ತ್ರದ ಹಾರಗಳು ತೂಗಾಡತೊಡಗುತ್ತವೆ. ಜರಿ, ಮಣಿ, ಬಣ್ಣದ ಕಾಗದ, ಮಿಂಚುವ ಬಿಲ್ಲೆ ಅಂಟಿಸಿದ ಭರ್ಜರಿ ಹಾರಗಳು. ಹಬ್ಬದ ಗಡಿಬಿಡಿಯಲ್ಲಿ ಬಹಳಷ್ಟು ಜನ ಅವನ್ನೇ ಕೊಂಡು ಹೋಗುತ್ತಾರೆ, ತಪ್ಪೇನಿಲ್ಲ. ನಡುವೆ ಒಬ್ಬಿಬ್ಬರು ಮಾತ್ರ ಹಾರಗಳ ಕೆಳಗೆ ತಲೆ ತಗ್ಗಿಸಿ ಒಳಗೆ ನುಗ್ಗಿ, ‘ಬರೀ ಅರಳೆ ಇದ್ಯೇನಪ್ಪಾ? ಕಸ ಇಲ್ಲದ್ದು ಕೊಡು’ ಎನ್ನುತ್ತಾರೆ. ಈ ಲೇಖನ ಅವರನ್ನು ಕುರಿತದ್ದು. ನಾನೂ ಅವರಲ್ಲೊಬ್ಬಳು ಎಂದು ಮೊದಲೇ ಹೇಳಿಬಿಡುತ್ತೇನೆ. ಪಕ್ಷಪಾತ ಕಂಡರೆ ಓದುಗರು ಸಹಿಸಿಕೊಳ್ಳಬೇಕು.

ನಮ್ಮ ಬಡಾವಣೆ ನೇಯ್ಗೆಗೆ ಹೆಸರಾದದ್ದಲ್ಲ. ಕಬ್ಬನ್‌ಪೇಟೆಯ ಗಲ್ಲಿಗಳಲ್ಲಿ ಕೇಳುವ ಮಗ್ಗದ ಸದ್ದು ಇಲ್ಲಿಲ್ಲ. ಕೆಎಚ್‌ಬಿ ಕಾಲೊನಿಯ ಮನೆಗಳು, ಹಾವನೂರು ವೃತ್ತದ ಸುತ್ತಿನ ಅಂಗಡಿಗಳು, ಸಿದ್ಧಯ್ಯ ಪುರಾಣಿಕರ ಹೆಸರಿನ ರಸ್ತೆಯ ಟ್ರಾಫಿಕ್ಕು, ಹೊರಗಿನವರ ಕಣ್ಣಿಗೆ ಬೀಳುವುದು ಇಷ್ಟೇ. ನೂಲಿನ ಕೆಲಸವೆಲ್ಲ ಮನೆಯೊಳಗೆ, ಊಟದ ಪಾತ್ರೆ ತೊಳೆದಾದ ಮೇಲೆ, ಸಂಜೆಯ ಕಾಫಿಗೆ ಮುಂಚೆ. ಹೂಬತ್ತಿ ಹೊಸೆಯುವವರು, ಕ್ರೋಶಾ ಹಾಕುವವರು, ಸ್ವೆಟರ್ ಹೆಣೆಯುವವರು, ಅಪರೂಪಕ್ಕೆ ತಕಲಿ ತಿರುಗಿಸುವವರು. ಇವರಲ್ಲಿ ಯಾರನ್ನು ಕೇಳಿದರೂ ‘ಸುಮ್ನೆ, ಟೈಮ್‌ಪಾಸಿಗೆ’ ಎನ್ನುತ್ತಾರೆ. ಅದನ್ನು ಪೂರ್ತಿ ನಂಬಬೇಡಿ.

ಬಸವಣ್ಣನ ಹೆಸರು ಹೊತ್ತ ಬಡಾವಣೆಗೆ ಇದು ಒಗ್ಗದ ಕೆಲಸವೇನಲ್ಲ. ಶರಣರ ಸಾಲಿನಲ್ಲಿ ಮುದನೂರಿನ ಜೇಡರ ದಾಸಿಮಯ್ಯ ನೇಕಾರ, ಅವನ ಹೆಸರು ಎಲ್ಲರಿಗೂ ಗೊತ್ತು. ಕದಿರ ರೆಮ್ಮವ್ವೆಯನ್ನು ನೆನೆಯುವವರು ಕಡಿಮೆ. ನೂಲುವುದೇ ಅವಳ ಕಾಯಕ. ಉಳಿದು ಬಂದಿರುವ ಅವಳ ವಚನಗಳು ಬೆರಳೆಣಿಕೆಯವು. ಅವುಗಳಲ್ಲೊಂದರಲ್ಲಿ ತಾನು ತಿರುಗಿಸುವ ರಾಟೆಯ ಕುಲ ಯಾವುದೆಂದು ವಿವರಿಸುತ್ತಾ, ಅಡಿಯ ಹಲಗೆಯಲ್ಲಿ ಬ್ರಹ್ಮನನ್ನೂ ತೋರಣದಲ್ಲಿ ವಿಷ್ಣುವನ್ನೂ ನಿಂತ ಬೊಂಬೆಯಲ್ಲಿ ರುದ್ರನನ್ನೂ ಕಾಣುತ್ತಾಳೆ. ಭಕ್ತಿಯ ಮಾತು ಹಾಗಿರಲಿ, ದಿನವಿಡೀ ರಾಟೆಯ ಮುಂದೆ ಕೂತವಳಿಗಲ್ಲದೆ ಅದರ ಒಂದೊಂದು ಮರದ ತುಂಡೂ ಹೀಗೆ ಪರಿಚಯವಾಗುವುದಿಲ್ಲ.

ಗೆಜ್ಜೆವಸ್ತ್ರದಿಂದಲೇ ಶುರುಮಾಡೋಣ. ಒಂದು ಹಿಡಿ ಅರಳೆಯನ್ನು ಸಡಿಲವಾಗಿ ಹಿಂಜಿ, ಬೀಜದ ಸಿಪ್ಪೆ, ಕಸ ಆರಿಸಿ, ಉದ್ದಕ್ಕೆ ಎಳೆಯಬೇಕು. ಇನ್ನೇನು ಹರಿಯಿತು ಎನ್ನುವಷ್ಟು ತೆಳುವಾಗಬೇಕು, ಹರಿಯಬಾರದು. ಹೆಬ್ಬೆರಳು, ತೋರುಬೆರಳನ್ನು ಹಾಲಿನಲ್ಲೋ ನೀರಿನಲ್ಲೋ ಅದ್ದಿಕೊಂಡು (ಕೆಲವರು ವಿಭೂತಿ ಮುಟ್ಟಿಕೊಳ್ಳುತ್ತಾರೆ) ಒಂದು ಕಡೆ ಹೊಸೆದು, ಅರ್ಧ ಇಂಚು ಉಬ್ಬಾಗಿಯೇ ಬಿಟ್ಟು, ಮತ್ತೆ ಹೊಸೆಯುವುದು. ಹೊಸೆದ ಕಡೆ ಸಣ್ಣ ಕುತ್ತಿಗೆ, ಬಿಟ್ಟ ಕಡೆ ಗೆಜ್ಜೆ. ಆಮೇಲೆ ಕುಂಕುಮದ ಬೊಟ್ಟು. ಗೌರಿಗೆ 16 ಎಳೆಯದು, ಗಣೇಶನಿಗೆ 21 ಎಳೆಯದು. ಕೈಗೆ ಕಟ್ಟುವ ದಾರದ ಲೆಕ್ಕ ಬೇರೆ: ವರಮಹಾಲಕ್ಷ್ಮಿಗೆ 9 ಗಂಟು, ಅನಂತನ ವ್ರತಕ್ಕೆ 14, ಸ್ವರ್ಣಗೌರಿಗೆ 16. ಮನೆಯಿಂದ ಮನೆಗೆ ಪದ್ಧತಿ ಒಂದಿಷ್ಟು ಬದಲಾಗುತ್ತದೆ, ವಾದಕ್ಕೆ ನಿಂತರೆ ಹಬ್ಬವೇ ಮುಗಿದುಹೋಗುತ್ತದೆ. ಎಲ್ಲ ಗೆಜ್ಜೆಗಳನ್ನೂ ಒಂದೇ ಗಾತ್ರಕ್ಕೆ ತರುವುದೇ ಇದರಲ್ಲಿ ಕಷ್ಟ. ನಮ್ಮತ್ತೆಯ ಮಾಲೆಯಲ್ಲಿ ಎಲ್ಲವೂ ಅಳೆದಂತೆ ಒಂದೇ ಸಮ. ನನ್ನದರಲ್ಲಿ ಶುರುವಿಗೆ ಕಡಲೆಕಾಳು, ಕೊನೆಗೆ ನೆಲ್ಲಿಕಾಯಿ.

ಹತ್ತಿಯ ಮಾತು ಬಂದಾಗ ಧಾರವಾಡವನ್ನು ಬಿಡುವ ಹಾಗಿಲ್ಲ. 1972ರಲ್ಲಿ ಅಲ್ಲಿಂದ ಹೊರಬಂದ ‘ವರಲಕ್ಷ್ಮಿ’ ಎಂಬ ತಳಿ, ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ತಂದ ಮೊದಲ ಮಿಶ್ರತಳಿ. ನೀಳ ಎಳೆ ಅದರ ಹೆಚ್ಚುಗಾರಿಕೆ. ಗ್ರಂಥಿಗೆ ಅಂಗಡಿಯ ಅರಳೆ ಯಾವ ತಳಿಯದು ಎಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ, ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ. ಗೆಜ್ಜೆವಸ್ತ್ರಕ್ಕೆ ಗಿಡ್ಡ ಎಳೆಯಾದರೂ ನಡೆದೀತು. ನೂಲಲು ಹೊರಟರೆ ಮಾತ್ರ ಅದು ಸತಾಯಿಸುತ್ತದೆ.

ನೂಲುವುದೂ ಹೊಸೆಯುವುದೇ, ನಿಲ್ಲಿಸದೆ ಹೊಸೆಯುವುದು ಅಷ್ಟೆ. ಅದಕ್ಕೆ ಬೇಕಾದ ಅತಿ ಚಿಕ್ಕ ಸಾಧನ ತಕಲಿ: ಒಂದು ಹಿತ್ತಾಳೆಯ ಬಿಲ್ಲೆ, ನಡುವೆ ತೂರಿದ ಗೇಣುದ್ದದ ಕಂಬಿ, ಕಂಬಿಯ ತುದಿಗೊಂದು ಪುಟ್ಟ ಕೊಕ್ಕೆ. ಬಲಗೈ ಬೆರಳಿನಲ್ಲಿ ಚಿಟಿಕೆ ಹಾಕಿದ ಹಾಗೆ ತಿರುಗಿಸಿ ಬಟ್ಟಲಿನಲ್ಲಿ ಬಿಡಬೇಕು. ಎಡಗೈಯ ಹಂಜಿಯನ್ನು ಮೆಲ್ಲಗೆ ಮೇಲಕ್ಕೆ ಒಯ್ಯುತ್ತಿದ್ದರೆ ನೂಲು ಹೊರಡುತ್ತದೆ. ಹಂಜಿಯನ್ನು ಬಿಗಿಯಾಗಿ ಹಿಡಿದರೆ ತುಂಡು, ಸಡಿಲ ಬಿಟ್ಟರೆ ಗಂಟು. ಹೊಸೆತ ಮಿತಿ ಮೀರಿದರೆ ನೂಲು ತನಗೆ ತಾನೇ ಸುತ್ತಿಕೊಂಡು ಸಿಕ್ಕಾಗುತ್ತದೆ. ಎರಡೆಳೆ ಕೂಡಿಸುವಾಗ, ನೂತ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಬೇಕು. ಒಂದು ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯುತ್ತದೆ, ಹಾಗಾಗಿ ಎರಡೂ ನಿಲ್ಲುತ್ತವೆ. ಬಾವಿ ಹಗ್ಗದಿಂದ ಹೊಲಿಗೆ ದಾರದವರೆಗೆ ಲೆಕ್ಕ ಒಂದೇ.

ತಕಲಿ ನಮ್ಮ ಕಡೆ ಪೂರ್ತಿ ಮರೆಯಾಗದೆ ಉಳಿದದ್ದು ಜನಿವಾರದಿಂದ. ಕೈಯಲ್ಲಿ ನೂತ ನೂಲನ್ನು ನಾಲ್ಕು ಬೆರಳು ಕೂಡಿಸಿ 96 ಸುತ್ತು ಅಳೆದು, ಮೂರೆಳೆ ಹೊಸೆದು, ಮತ್ತೆ ಮೂರಾಗಿಸಿ 9 ಎಳೆ ಮಾಡಿ ಬ್ರಹ್ಮಗಂಟು ಹಾಕುವ ಹಿರಿಯರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಇನ್ನು ಕೆಲವು ಅಜ್ಜಿಯರು ಶಾಲೆಯಲ್ಲೇ ಕಲಿತವರು. 1937ರಲ್ಲಿ ವಾರ್ಧಾದಲ್ಲಿ ಗಾಂಧಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆ ಆಮೇಲೆ ಎಷ್ಟೋ ಪ್ರಾಥಮಿಕ ಶಾಲೆಗಳಿಗೆ ತಕಲಿಯನ್ನು ತಂದಿತ್ತು. ಅಂಥ ಅಜ್ಜಿಯ ಕೈಗೆ ಇವತ್ತು ತಕಲಿ ಕೊಟ್ಟು ನೋಡಿ. ‘ಅಯ್ಯೋ, ನಂಗೆಲ್ಲಿ ಬರತ್ತೆ ಈಗ’ ಎನ್ನುತ್ತಲೇ ತಿರುಗಿಸಿರುತ್ತಾರೆ.

ಹವ್ಯಾಸಕ್ಕೆ ನೂಲುವವರು ಒಂದು ಲೆಕ್ಕವನ್ನು ಮಾಡಿಯೇ ನೋಡಬೇಕು. ಖಾದಿಯಲ್ಲಿ 1000 ಮೀಟರ್ ನೂಲಿಗೆ ಒಂದು ಲಡಿ. ಅಷ್ಟು ನೂಲಲು ತಕಲಿಯಲ್ಲಿ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಕತ್ತು, ಭುಜ ಎರಡೂ ಮಾತಾಡತೊಡಗುತ್ತವೆ. ಖಾದಿ ಆಯೋಗ 2025ರ ಏಪ್ರಿಲ್ 1ರಿಂದ ನೂಲುವವರಿಗೆ ಗೊತ್ತುಮಾಡಿದ ಕೂಲಿ ಲಡಿಗೆ 15 ರೂಪಾಯಿ. ಅದಕ್ಕೆ ಮೊದಲು ಹನ್ನೆರಡೂವರೆ ಇತ್ತು. ಕೇಂದ್ರಗಳಲ್ಲಿ ಕೂರುವವರು ತಕಲಿ ಹಿಡಿಯುವುದಿಲ್ಲ, ಹಲವು ಕದಿರುಗಳ ಅಂಬರ ಚರಕದಲ್ಲಿ ದಿನಕ್ಕೆ ಎಷ್ಟೋ ಲಡಿ ತೆಗೆಯುತ್ತಾರೆ, ನಿಜ. ಆದರೂ ನೂತು ಅಭ್ಯಾಸವಾದ ಮೇಲೆ ನಂಜನಗೂಡು ತಾಲ್ಲೂಕಿನ ಬದನವಾಳಿನ ಹೆಸರು ಕೇಳಿದರೆ ಬೇರೆ ಥರ ಕೇಳಿಸುತ್ತದೆ. 1927ರಲ್ಲಿ ಗಾಂಧಿ ಭೇಟಿಕೊಟ್ಟ ಆ ಖಾದಿ ಕೇಂದ್ರ ಸೊರಗಿ ನಿಂತದ್ದನ್ನು ಕಂಡೇ ರಂಗಕರ್ಮಿ ಪ್ರಸನ್ನ 2015ರಲ್ಲಿ ಅಲ್ಲಿ ಸತ್ಯಾಗ್ರಹ ಕೂತರು. ಅದೇ ಪ್ರಸನ್ನ ಹೆಗ್ಗೋಡಿನಲ್ಲಿ ಕಟ್ಟಿದ ‘ಚರಕ’ದ ಕೈಮಗ್ಗದ ಜುಬ್ಬಾಗಳನ್ನು ನಾವು ‘ದೇಸಿ’ ಅಂಗಡಿಯಲ್ಲಿ ಕೊಳ್ಳುವಾಗ ಬೆಲೆ ನೋಡಿ ಹುಬ್ಬೇರಿಸುತ್ತಿದ್ದೆವು. ತಕಲಿ ಹಿಡಿದ ಮೇಲೆ ನಾನಂತೂ ಹುಬ್ಬೇರಿಸುವುದನ್ನು ಬಿಟ್ಟಿದ್ದೇನೆ.

ಪಶ್ಚಿಮ ಬೆಂಗಳೂರಿಗೆ ನೂಲು ಮಿಲ್ಲುಗಳ ದಾರಿಯಿಂದಲೂ ಬಂದಿತ್ತು. ಮಾಗಡಿ ರಸ್ತೆಯ ಆ ತುದಿಗೆ ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ಮಲ್ಲೇಶ್ವರದ ಅಂಚಿಗೆ ರಾಜಾ ಮಿಲ್ಲು. ಬಿನ್ನಿಯವರ ಕೈಗೆ ಬಂದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ ಶುರುವಾದದ್ದು 1884ರಲ್ಲಿ. ಮಿನರ್ವ ಮಿಲ್ಲಿನ ಹೆಸರು ಕಾನೂನು ಓದುವವರಿಗೆಲ್ಲ ಬಾಯಿಪಾಠ. ಸಂವಿಧಾನದ ಮೂಲಸ್ವರೂಪವನ್ನು ಎತ್ತಿಹಿಡಿದ 1980ರ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು ಅದರ ಮೊಕದ್ದಮೆಯಲ್ಲೇ. ಈ ಜಾಗಗಳಲ್ಲೀಗ ಮಾಲ್‌ಗಳು, ಅಪಾರ್ಟ್‌ಮೆಂಟುಗಳು. ನೂಲು ಬೇಕಾದವರು ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿಯುತ್ತಾರೆ.

ಚಿಕ್ಕಪೇಟೆಯ ಗಲ್ಲಿಯಲ್ಲಿ ನಾವು ‘ಉಲ್ಲನ್’ ಎಂದು ಕೇಳಿ ತರುವುದರಲ್ಲಿ ಬಹುಪಾಲು ಕುರಿಯ ಮೈ ಕಂಡದ್ದೇ ಅಲ್ಲ. ಅಕ್ರಿಲಿಕ್, ಹೆಚ್ಚಾಗಿ ಲೂಧಿಯಾನದ್ದು. ಅಗ್ಗ, ಬಣ್ಣ ಬಿಡುವುದಿಲ್ಲ, ವಾಷಿಂಗ್ ಮೆಷಿನ್ನಿಗೆ ಹಾಕಬಹುದು. ಬೆವರು ಮಾತ್ರ ಹೀರುವುದಿಲ್ಲ. ನಿಜವಾದ ಉಣ್ಣೆ ಬೇಕೆಂದರೆ ಚಳ್ಳಕೆರೆ ಕಡೆಯ ಕಂಬಳಿಯನ್ನು ಮುಟ್ಟಿ ನೋಡಬೇಕು: ದಖ್ಖನಿ ಕುರಿಯ ಒರಟು ಉಣ್ಣೆ, ಹಾಸಿನ ಎಳೆಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯ್ದದ್ದು. ಚುಚ್ಚುತ್ತದೆ, ಮಳೆಯನ್ನೂ ತಡೆಯುತ್ತದೆ. ಮಗುವಿನ ಟೋಪಿಗೆ ಆಗದು, ಹೊಲಕ್ಕೆ ಅದೇ ಸೈ.

ಉಂಡೆ ಕೊಳ್ಳುವಾಗ ಅನುಭವಿಗಳು ಬಣ್ಣಕ್ಕಿಂತ ಮೊದಲು ಲೇಬಲ್ಲಿನ ಡೈ ಲಾಟ್ ಸಂಖ್ಯೆ ನೋಡುತ್ತಾರೆ. ಅದೇ ಕಂಪನಿ, ಅದೇ ನೀಲಿಯಾದರೂ ಬಣ್ಣದ ತೊಟ್ಟಿ ಬೇರೆಯಾದರೆ ಛಾಯೆ ಒಂದು ಕೂದಲಷ್ಟು ಬದಲಾಗುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ಆ ವ್ಯತ್ಯಾಸ ಮನೆಯ ಬಿಸಿಲಿನಲ್ಲಿ ಸ್ವೆಟರಿನ ಎದೆಯ ಮೇಲೆ ಪಟ್ಟಿಯಾಗಿ ಕಾಣುತ್ತದೆ. ಹಾಗಾದರೆ ಬಿಚ್ಚುವುದೊಂದೇ ದಾರಿ. ಬಿಚ್ಚಿದ ಉಲ್ಲನ್ ಸುಕ್ಕುಸುಕ್ಕಾಗಿ ಬರುತ್ತದೆ. ಲಡಿ ಸುತ್ತಿ, ನೆನೆಸಿ, ಕೆಳಗೊಂದು ಹಗುರ ಭಾರ ಕಟ್ಟಿ ಬಟ್ಟೆಯ ತಂತಿಗೆ ನೇತುಹಾಕಿದರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ನೇಯ್ದ ಬಟ್ಟೆಗೆ ಕತ್ತರಿ ಬಿದ್ದರೆ ಬಿತ್ತು. ಹೆಣಿಗೆಗೆ ಮಾತ್ರ ಹಿಂದಕ್ಕೆ ಹೋಗುವ ದಾರಿಯಿದೆ, ಅದಕ್ಕೇ ಮಧ್ಯಮವರ್ಗದ ಮನೆಗಳಲ್ಲಿ ಅಣ್ಣನ ಸ್ವೆಟರು ಬಿಚ್ಚಿ ತಂಗಿಯ ಸ್ವೆಟರಾಗುತ್ತಿತ್ತು.

ಕ್ರೋಶಾ ನಮಗೆ ಹೊರಗಿನಿಂದ ಬಂದದ್ದು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೈಕೊಟ್ಟು ಬರಗಾಲ ಬಂದಾಗ ಐರ್ಲೆಂಡಿನ ಹೆಂಗಸರಿಗೆ ಕ್ರೋಶಾ ಲೇಸು ಹೊಟ್ಟೆಪಾಡಾಯಿತು. ಆ ಶತಮಾನದಲ್ಲೇ ಮಿಷನರಿಗಳು ಅದನ್ನು ಆಂಧ್ರದ ನರಸಾಪುರಕ್ಕೆ ತಂದರು. ಹೆಣಿಗೆಗೆ ಯಂತ್ರ ಬಂದು ಎಷ್ಟೋ ಕಾಲವಾಯಿತು, ಕ್ರೋಶಾಕ್ಕೆ ಬಂದಿಲ್ಲ. ಪ್ರತಿ ಹೊಲಿಗೆಯಲ್ಲೂ ಕೊಕ್ಕೆ ತೂರುವ ಜಾಗ, ಎಳೆಯುವ ಕುಣಿಕೆ ಬದಲಾಗುತ್ತದೆ, ಅದನ್ನು ಕಾರ್ಖಾನೆಯಲ್ಲಿ ಮಾಡಿ ತೋರಿಸುವ ಯಂತ್ರ ಮಾರುಕಟ್ಟೆಗೆ ಕಾಲಿಟ್ಟಿಲ್ಲ. ಅಂದರೆ ಆನ್‌ಲೈನಿನಲ್ಲಿ ಇನ್ನೂರು ರೂಪಾಯಿಗೆ ಅಪ್ಪಟ ಕ್ರೋಶಾ ಟಾಪ್ ಸಿಕ್ಕಿತೆಂದರೆ, ಎಲ್ಲೋ ಒಬ್ಬರು ಕೈಯಿಂದಲೇ ಹಾಕಿದ್ದಾರೆ. ಅವರಿಗೆ ಏನು ದಕ್ಕಿರಬಹುದೆಂದು ನೀವೇ ಲೆಕ್ಕ ಹಾಕಿ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ನರಸಾಪುರದ ಲೇಸಿನವರ ಬಗ್ಗೆ ಬರೆದ ಪುಸ್ತಕದಲ್ಲಿ ಬಿಡಿಸಿಟ್ಟದ್ದು ಇದನ್ನೇ. ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಎಂದು ಕರೆದುಬಿಟ್ಟರೆ ಕೂಲಿಯನ್ನು ಎಷ್ಟು ಬೇಕಾದರೂ ಇಳಿಸಬಹುದು, ಆ ಲೇಸು ಪರದೇಶಕ್ಕೆ ರಫ್ತಾಗುತ್ತಿದ್ದರೂ.

ನಮ್ಮ ‘ಟೈಮ್‌ಪಾಸಿಗೆ’ ಎನ್ನುವ ಮಾತು ನನಗೆ ಕಿರಿಕಿರಿ ಮಾಡುವುದು ಇದಕ್ಕೇ. ಪಕ್ಕದ ಮನೆಯವರು ‘ಆಂಟಿ, ನನ್ನ ಮಗೂಗೂ ಒಂದು ಮಾಡ್ಕೊಡಿ, ಉಲ್ಲನ್ ದುಡ್ಡು ಕೊಡ್ತೀನಿ’ ಎನ್ನುತ್ತಾರೆ, ಪ್ರೀತಿಯಿಂದಲೇ. ಉಲ್ಲನ್ನಿನ ದುಡ್ಡು ಇಡೀ ಲೆಕ್ಕದಲ್ಲಿ ಅತಿ ಸಣ್ಣ ಭಾಗ. ಬೇಕಾದವರಿಗೆ ಉಡುಗೊರೆಯಾಗಿ ಕೊಡಿ, ಇಲ್ಲವೇ ಗಂಟೆ ಲೆಕ್ಕ ಹಿಡಿದು ಪೂರ್ತಿ ಬೆಲೆ ಹೇಳಿ. ನಡುವಿನ ಬೆಲೆ ಹೇಳಬೇಡಿ, ಅದರ ಏಟು ಇದನ್ನೇ ನಂಬಿ ಬದುಕುವವರಿಗೆ ಬೀಳುತ್ತದೆ. ಹೀಗೆಂದು ನಾನು ಗೆಳತಿಯರ ಹತ್ತಿರ ಜಗಳವಾಡಿದ್ದೇನೆ. ಅರ್ಧ ಜನ ಒಪ್ಪಿಲ್ಲ.

ಈಗ ಹೊಸಬರು ಬರುತ್ತಿದ್ದಾರೆ. ಯೂಟ್ಯೂಬ್ ನೋಡಿ ಕಲಿತ ಕಾಲೇಜು ಹುಡುಗಿಯರು, ಐಟಿ ಕೆಲಸದ ಹುಡುಗರೂ. ಅವರಿಗೆ ಮೇಜಿನ ಕ್ಲಾತು ಬೇಡ, ಜಪಾನಿನ ಅಮಿಗುರುಮಿ ಗೊಂಬೆ ಬೇಕು. ನಮ್ಮ ವಯಸ್ಸಿನವರು ಕೈ ನೋಡಿ ಕಲಿತದ್ದರಿಂದ ನಕ್ಷೆ ಓದಲು ಬರುವುದಿಲ್ಲ. ಅವರು ನಕ್ಷೆ ಸರಾಗ ಓದುತ್ತಾರೆ, ಕೈ ಇನ್ನೂ ಬಿಗಿ. ಒಂದು ಮಧ್ಯಾಹ್ನ ಜೊತೆಗೆ ಕೂತರೆ ಎರಡೂ ಕಡೆಗೆ ಲಾಭ.

ಶುರುಮಾಡಬೇಕೆನ್ನುವವರಿಗೆ ಒಂದೆರಡು ಮಾತು. 4 ಮಿಲಿಮೀಟರಿನ ಕೊಕ್ಕೆಕಡ್ಡಿ, ಅದಕ್ಕೆ ಹೊಂದುವ ದಪ್ಪದ ಹತ್ತಿ ದಾರ ಸಾಕು. ತಿಳಿ ಬಣ್ಣವನ್ನೇ ತನ್ನಿ. ಕಪ್ಪು, ಕಡುನೀಲಿಯಲ್ಲಿ ರಾತ್ರಿ ಹೊತ್ತು ಹೊಲಿಗೆ ಕಾಣುವುದಿಲ್ಲ. ಮೊದಲ ಸಲವೇ ಸ್ವೆಟರಿಗೆ ಕೈಹಾಕಬೇಡಿ. ಬಿಸಿ ಪಾತ್ರೆ ಹಿಡಿಯುವ ದಪ್ಪ ಚೌಕವೊಂದನ್ನು ಹಾಕಿ. ಅಕ್ರಿಲಿಕ್ಕಿನಲ್ಲಿ ಖಂಡಿತ ಬೇಡ, ಒಲೆಯ ಹತ್ತಿರ ಅದು ಕರಗಿ ಕೈಗೆ ಅಂಟುತ್ತದೆ. ಹತ್ತಿಯದಾದರೆ ಎಷ್ಟು ಸೊಟ್ಟಗಿದ್ದರೂ ಕುಕ್ಕರ್ ಇಳಿಸಲು ಬರುತ್ತದೆ.