ಉತ್ತರ ಕೊಹಾಲದ ಕಲ್ಲುಗೋಡೆಗಳು

ಶಾಂತಸಾಗರದ ಹವಾಯಿ ದ್ವೀಪಸಮೂಹದಲ್ಲಿ ಹವಾಯಿ ಎಂಬ ಹೆಸರಿನದೇ ಅತಿ ದೊಡ್ಡ ದ್ವೀಪ. ಅದರ ಉತ್ತರ ತುದಿಯ ಗ್ರಾಮಾಂತರ ಪ್ರದೇಶವೇ ಉತ್ತರ ಕೊಹಾಲ. ದ್ವೀಪಗಳನ್ನೆಲ್ಲ ಒಂದೇ ಪ್ರಭುತ್ವಕ್ಕೆ ಒಳಪಡಿಸಿದ ಒಂದನೆಯ ಕಮೇಹಮೇಹನು ಹುಟ್ಟಿದುದು ಇಲ್ಲಿ. ಕಪಾಔ ಎಂಬ ಊರಿನಲ್ಲಿರುವ ಅವನ ಕಂಚಿನ ಪ್ರತಿಮೆಯನ್ನು ಪ್ರವಾಸಿಗಳು ತಪ್ಪದೆ ನೋಡುತ್ತಾರೆ. ೧೮೮೦ರಲ್ಲಿ ಯೂರೋಪಿನಿಂದ ಬರುತ್ತಿದ್ದ ಹಡಗು ಫಾಕ್‌ಲೆಂಡ್ ದ್ವೀಪಗಳ ಬಳಿ ಮುಳುಗಿದಾಗ ನೀರುಪಾಲಾಗಿ, ಅನಂತರ ಮೇಲೆತ್ತಲಾದ ಮೂಲಪ್ರತಿಮೆ ಇದು. ಆದರೆ ಅರಸನ ಏಳಿಗೆಯ ಕಾರಣವನ್ನು ಹುಡುಕುವ ಇತಿಹಾಸದ ವಿದ್ಯಾರ್ಥಿಯು ಪ್ರತಿಮೆಯ ಬಳಿಯೇ ನಿಲ್ಲದೆ ಪಶ್ಚಿಮದ ಒಣ ಇಳಿಜಾರನ್ನೂ ನೋಡಬೇಕು.

ಕೊಹಾಲ ಪರ್ವತವು ಈ ದ್ವೀಪದ ಜ್ವಾಲಾಮುಖಿಗಳಲ್ಲಿ ಅತ್ಯಂತ ಪ್ರಾಚೀನವಾದುದು, ಈಗ ಆರಿಹೋಗಿದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಅದರ ಪೂರ್ವ ಪಾರ್ಶ್ವದಲ್ಲಿ ಧಾರಾಳವಾಗಿ ಮಳೆ ಸುರಿಸುತ್ತವೆ. ಅಲ್ಲಿ ತೊರೆಗಳು ಪೊಲೊಲೂವಿನಂಥ ಆಳವಾದ ಕಣಿವೆಗಳನ್ನು ಕೊರೆದಿವೆ. ಅವುಗಳ ತಳದಲ್ಲಿ ಹಿಂದೆ ನೀರು ನಿಲ್ಲಿಸಿ ಕೆಸುವನ್ನು ಬೆಳೆಯುತ್ತಿದ್ದರು. ಪರ್ವತದ ಮರೆಯಲ್ಲಿರುವ ಪಶ್ಚಿಮ ಕರಾವಳಿಗಾದರೋ ಮಳೆ ಬಹು ಸ್ವಲ್ಪ.

ಈ ಒಣ ಪಾರ್ಶ್ವದಲ್ಲಿ, ಕರಾವಳಿಯ ಬರಡುನೆಲಕ್ಕೂ ಮೇಲಿನ ಕಾಡಿಗೂ ನಡುವೆ, ಮಳೆಯನ್ನೇ ನಂಬಿ ಸಿಹಿಗೆಣಸು ಮೊದಲಾದುವನ್ನು ಬೆಳೆದ ಹಳೆಯ ಹೊಲಗಳು ಸುಮಾರು ೬೦ ಚದರ ಕಿಲೋಮೀಟರುಗಳಷ್ಟು ಹಬ್ಬಿವೆ. ಇಳಿಜಾರಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಗಿಡ್ಡ ಗೋಡೆಗಳಿವೆ. ಬೆಟ್ಟದಿಂದ ಕಡಲ ಕಡೆಗೆ ಕಾಲುದಾರಿಗಳು ಇಳಿಯುತ್ತವೆ. ಗೋಡೆಗಳು ಗಾಳಿಯನ್ನು ತಡೆದು ನೆಲದ ತೇವವನ್ನು ಉಳಿಸುತ್ತಿದ್ದುವು. ಬರವಣಿಗೆಯಿಲ್ಲದ ಆ ಕಾಲದ ಅನುಕ್ರಮವನ್ನು ತಿಳಿಯುವ ಬಗೆ ಗಮನಾರ್ಹವಾಗಿದೆ. ಗೋಡೆಯೊಂದು ಕಾಲುದಾರಿಯವರೆಗೆ ಬಂದು ಅಲ್ಲಿಯೇ ನಿಂತಿದ್ದರೆ ದಾರಿ ಮೊದಲಿನದು. ದಾರಿಯು ಗೋಡೆಯನ್ನು ಕಡಿದು ಸಾಗಿದ್ದರೆ ಗೋಡೆಯೇ ಹಳೆಯದು. ಹೀಗೆ ಪರಿಶೀಲಿಸಿದಾಗ, ದೊಡ್ಡ ಹೊಲಗಳು ಕಾಲಕ್ರಮದಲ್ಲಿ ಚಿಕ್ಕಚಿಕ್ಕವಾಗಿ ಒಡೆದುವೆಂದೂ ದುಡಿಮೆ ಹೆಚ್ಚಿತೆಂದೂ ಗೊತ್ತಾಗುತ್ತದೆ. ಮಳೆ ತಪ್ಪಿದರೆ ಬೆಳೆ ತಪ್ಪುವ ಇಂಥ ಸೀಮೆಯ ನಾಯಕರು, ನೀರಾವರಿಯಿಂದ ಸಮೃದ್ಧವಾದ ದ್ವೀಪಗಳನ್ನು ಗೆಲ್ಲಲು ಹವಣಿಸಿದುದು ಸಹಜವೆಂದು ಕೆಲವು ವಿದ್ವಾಂಸರ ಮತ. ೧೭೯೫ರಲ್ಲಿ ಕಮೇಹಮೇಹನು ಒಆಹು ದ್ವೀಪವನ್ನು ಗೆದ್ದುದಕ್ಕೆ ವಿದೇಶೀ ಬಂದೂಕುಗಳು ನೆರವಾದುವು, ನಿಜ. ಆದರೆ ಸೈನ್ಯಕ್ಕೆ ಆಹಾರವೂ ಬೇಕಷ್ಟೆ.

ಉತ್ತರ ತುದಿಯಲ್ಲಿರುವ ಮೋಓಕಿನಿ ಎಂಬ ಕಲ್ಲುಗೋಡೆಯ ದೇವಸ್ಥಾನವು ಇನ್ನೊಂದು ಪಾಠವನ್ನು ಕಲಿಸುತ್ತದೆ. ಪೊಲೊಲೂ ಕಣಿವೆಯಿಂದ ಕೈಯಿಂದ ಕೈಗೆ ಕಲ್ಲುಗಳನ್ನು ದಾಟಿಸಿ ಇದನ್ನು ಕಟ್ಟಿದರೆಂಬ ಐತಿಹ್ಯವಿದೆ. ಕಟ್ಟಿದ ಕಾಲವನ್ನು ಕ್ರಿ. ಶ. ೪೮೦ ಎಂದು ಹೇಳುವುದುಂಟು. ಆದರೆ ಈ ದ್ವೀಪಗಳಲ್ಲಿ ಜನವಸತಿ ಆರಂಭವಾದುದೇ ಸುಮಾರು ಕ್ರಿ. ಶ. ೧೦೦೦ರಿಂದ ೧೨೦೦ರ ನಡುವೆ ಎಂಬುದು ಇಂದಿನ ಪುರಾತತ್ವಜ್ಞರಲ್ಲಿ ಹೆಚ್ಚಿನವರ ಅಭಿಪ್ರಾಯ. ಐತಿಹ್ಯದ ವರ್ಷವನ್ನು ಒಪ್ಪದಿದ್ದರೂ, ಅದರಲ್ಲಿ ಉಳಿದಿರುವ ಸಾಮೂಹಿಕ ಶ್ರಮದ ನೆನಪನ್ನು ತಳ್ಳಿಹಾಕಬೇಕಾಗಿಲ್ಲ.

ಮಳೆಯ ಪಾರ್ಶ್ವದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ೧೯೭೫ರವರೆಗೆ ನಡೆದ ಕಬ್ಬಿನ ಬೇಸಾಯವು ಪ್ರಾಚೀನ ಹೊಲಗಳ ಕುರುಹುಗಳನ್ನು ಬಹುಮಟ್ಟಿಗೆ ಅಳಿಸಿತು. ಕಬ್ಬಿಗೆ ಒಗ್ಗದ ಒಣನೆಲವು ಹುಲ್ಲುಗಾವಲಾದುದರಿಂದ ಅಲ್ಲಿನ ಗೋಡೆಗಳು ಉಳಿದುವು. ಅವುಗಳಲ್ಲಿ ಬಹುಭಾಗ ಖಾಸಗಿ ಜಮೀನಿನಲ್ಲಿದೆ. ಸಂದರ್ಶಕರು ಅನುಮತಿ ಪಡೆಯಬೇಕು. ಕರಾವಳಿಯ ಲಪಕಾಹಿ ಎಂಬ ಹಳೆಯ ಬೆಸ್ತರ ಹಳ್ಳಿಯನ್ನಾದರೋ ಸರ್ಕಾರವು ಐತಿಹಾಸಿಕ ಉದ್ಯಾನವಾಗಿ ರಕ್ಷಿಸಿದೆ.

ಎಲ್ಲಿಯೇ ಆಗಲಿ, ನೆನಪಿಗಾಗಿ ಒಂದು ಕಲ್ಲನ್ನೂ ಎತ್ತಬಾರದು. ದೇವಸ್ಥಾನದ ಕಲ್ಲು ಅಲ್ಲಿನ ಜನರಿಗೆ ಇಂದಿಗೂ ಪವಿತ್ರ. ಹೊಲದ ಕಲ್ಲಾದರೋ, ಹೆಸರು ಉಳಿಯದ ರೈತರು ಬಿಟ್ಟುಹೋದ ದಾಖಲೆ; ಸ್ಥಾನಪಲ್ಲಟವಾದೊಡನೆ ಅದನ್ನು ಓದಲು ಸಾಧ್ಯವಾಗುವುದಿಲ್ಲ. ಪ್ರತಿಮೆ ಮುಳುಗಿದರೆ ಮೇಲೆತ್ತಬಹುದು. ಗೋಡೆಗಳ ಅನುಕ್ರಮ ಕೆಟ್ಟರೆ ಮತ್ತೆ ಜೋಡಿಸಲಾಗದು.