ಮಿಡ್‌ಲೈನ್ ನಳಿಕೆ: ತೊಡಕುಗಳೂ ಕಾರಣಗಳೂ

ಅಭಿಧಮನಿಯ ಮೂಲಕ ಒಂದೆರಡು ವಾರ ಔಷಧ ಕೊಡಬೇಕಾದಾಗ ಮುಂಗೈಯ ಸಣ್ಣ ನಳಿಕೆ ಅಷ್ಟು ದಿನ ಬಾಳುವುದಿಲ್ಲ. ಹೃದಯದ ಸಮೀಪದವರೆಗೆ ಸಾಗುವ ಕೇಂದ್ರನಳಿಕೆ ಅನೇಕ ವೇಳೆ ಅನಗತ್ಯ. ಇವೆರಡರ ನಡುವಣದು ಮಿಡ್‌ಲೈನ್ ನಳಿಕೆ. ತೋಳಿನ ಅಭಿಧಮನಿಯನ್ನು ಹೊಕ್ಕ ಇದರ ತುದಿ ಕಂಕುಳಿನ ಮಟ್ಟದಲ್ಲಿಯೇ ನಿಲ್ಲುತ್ತದೆ.

ಇದರ ತೊಡಕುಗಳನ್ನು ನಾವು ಎರಡು ಬಗೆಯಾಗಿ ವಿಂಗಡಿಸಬಹುದು. ನಳಿಕೆ ಕಟ್ಟಿಕೊಳ್ಳುವುದು, ಜಾರುವುದು, ಔಷಧ ಸೋರುವುದು, ಮೇಲ್ಪದರದ ನಾಳ ಉರಿಯೂತಗೊಳ್ಳುವುದು ಮೊದಲನೆಯ ಬಗೆ. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ರಕ್ತಕ್ಕೆ ಸೋಂಕು ತಗಲುವುದು ಎರಡನೆಯದು. ಇವು ವಿರಳವಾದರೂ ಪ್ರಾಣಾಪಾಯಕರ. ಅಮೆರಿಕದ ಮಿಷಿಗನ್ ರಾಜ್ಯದ 12 ಆಸ್ಪತ್ರೆಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 10 ನಳಿಕೆಗಳಿಗೆ ತೊಡಕು ಕಂಡುಬಂದಿತು. ರಕ್ತದ ಸೋಂಕು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಹೆಪ್ಪುಗಟ್ಟುವಿಕೆಗೆ ಮೂಲ ಮೂರು: ನಾಳದ ಭಿತ್ತಿಗಾದ ಗಾಯ, ರಕ್ತದ ಮಂದಗತಿ, ರಕ್ತದ ಸ್ವಭಾವ. ತೀಕ್ಷ್ಣವಾದ ಔಷಧಗಳು ಭಿತ್ತಿಯನ್ನು ಕೆರಳಿಸುತ್ತವೆ. ನಾಳದ ಅಗಲದಲ್ಲಿ ಶೇಕಡ 45ಕ್ಕಿಂತ ಹೆಚ್ಚನ್ನು ನಳಿಕೆಯೇ ಆಕ್ರಮಿಸಿದರೆ ರಕ್ತದ ಹರಿವು ಕುಂದುತ್ತದೆ. ಕ್ಯಾನ್ಸರ್ ಇರುವವರಲ್ಲಿಯೂ ಹಿಂದೊಮ್ಮೆ ಹೆಪ್ಪುಗಟ್ಟಿದ್ದವರಲ್ಲಿಯೂ ರಕ್ತದ ಸ್ವಭಾವವೇ ಪ್ರತಿಕೂಲ.

ತುಮಕೂರಿನ ಬಟವಾಡಿಯಲ್ಲಿ ಚಿಕಿತ್ಸೆ ಪಡೆದು, ತೋಳಿನಲ್ಲಿ ನಳಿಕೆಯೊಡನೆಯೇ ಗುಬ್ಬಿಗೋ ಕುಣಿಗಲಿಗೋ ಮರಳುವ ರೋಗಿಯೊಬ್ಬನನ್ನು ಭಾವಿಸೋಣ. ಅಲ್ಲಿ ಅಪಾಯದ ಚಿಹ್ನೆಗಳನ್ನು ಮೊದಲು ಕಾಣುವವರು ಮನೆಯವರೇ. ತೋಳಿನಲ್ಲಿ ಬಾವು, ನೋವು, ಕೆಂಪು, ಸೋರಿಕೆ, ಇಲ್ಲವೆ ಚಳಿಜ್ವರ ಕಂಡೊಡನೆ ಆ ನಳಿಕೆಯಲ್ಲಿ ಔಷಧ ಹರಿಸುವುದನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು. ತಕ್ಕ ನಾಳವನ್ನೂ ತಕ್ಕ ಔಷಧವನ್ನೂ ಆರಿಸುವುದು ವೈದ್ಯರ ಹೊಣೆ. ಅಗತ್ಯ ತೀರಿದ ದಿನವೇ ನಳಿಕೆಯನ್ನು ತೆಗೆಸುವುದು ಎಲ್ಲಕ್ಕಿಂತ ಸುಲಭವಾದ ರಕ್ಷಣೆ.