ವಾರ್ಡಿನ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ?

ಪೆರು ದೇಶದ ಲಿಮಾ ನಗರದಲ್ಲಿ ಕ್ಷಯರೋಗಿಗಳಿಗೆ ಕೊರತೆಯಿಲ್ಲ. ಅಲ್ಲಿನ ಎಂಟು ಆಸ್ಪತ್ರೆಗಳ 70 ಕೋಣೆಗಳಲ್ಲಿ ಸಂಶೋಧಕ ರಾಡ್ ಎಸ್ಕೋಂಬ್ ಮತ್ತು ಸಂಗಡಿಗರು ಗಾಳಿಯ ಓಡಾಟ ಅಳೆದರು. ವಿಧಾನ ಸರಳ. ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಒಳಗೆ ಕಾರ್ಬನ್ ಡೈಆಕ್ಸೈಡ್ ಬಿಡುವುದು, ಫ್ಯಾನ್ ಹಾಕಿ ಅದನ್ನು ಮೂಲೆಮೂಲೆಗೂ ಬೆರೆಸುವುದು. ಮಾಪಕದ ಅಂಕಿ ಎಷ್ಟು ಬೇಗ ಇಳಿಯುತ್ತದೆ ನೋಡುವುದು. ಆಮೇಲೆ ಕಿಟಕಿ ತೆರೆದು ಮತ್ತೆ ನೋಡುವುದು. ಅಂಕಿ ಇಳಿಯುವ ವೇಗದಿಂದ ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತಿದೆ ಎಂಬ ಲೆಕ್ಕ ಸಿಗುತ್ತದೆ.

2007ರಲ್ಲಿ ಪ್ರಕಟವಾದ ಫಲಿತಾಂಶ ಎಂಜಿನಿಯರುಗಳಿಗೆ ಕೊಂಚ ಮುಜುಗರದ್ದೇ. ಕಿಟಕಿ ಬಾಗಿಲು ತೆರೆದಾಗ ಗಾಳಿ ಗಂಟೆಗೆ ಸುಮಾರು 28 ಸಲ ಬದಲಾಗುತ್ತಿತ್ತು. ಮುಚ್ಚಿದ್ದಾಗಿನ ಪ್ರಮಾಣಕ್ಕೆ ಇದು 18 ಪಟ್ಟು. ಸೋಂಕಿನ ಅಪಾಯ ಹೆಚ್ಚಿರುವ ಕೋಣೆಗಳಿಗೆ ಯಂತ್ರದ ಮೂಲಕ ಕೊಡಬೇಕೆಂದು ಶಿಫಾರಸು ಮಾಡಿರುವುದು ಕೇವಲ 12 ಸಲ. ಇನ್ನೂ ಬಿಡಿಸಿ ನೋಡಿದರೆ, ಈಚಿನ ಕಟ್ಟಡಗಳಲ್ಲಿ 17 ಸಲ; 1950ಕ್ಕೂ ಮೊದಲು ಕಟ್ಟಿದ, ಎತ್ತರದ ಚಾವಣಿ ಮತ್ತು ದೊಡ್ಡ ಕಿಟಕಿಗಳ ಹಳೇ ವಾರ್ಡುಗಳಲ್ಲಿ 40 ಸಲ! ಚಿಕಿತ್ಸೆ ಶುರುವಾಗದ ಕ್ಷಯರೋಗಿಗಳ ಜೊತೆ 24 ಗಂಟೆ ಕಳೆದರೆ ಎಷ್ಟು ಮಂದಿಗೆ ಸೋಂಕು ತಗಲೀತು ಎಂದೂ ಅವರು ಗಣಿತದಿಂದ ಅಂದಾಜಿಸಿದರು. ಯಂತ್ರದ ಗಾಳಿಯ ಕೋಣೆಯಲ್ಲಿ ಶೇ. 39, ಈಚಿನ ಕಟ್ಟಡದಲ್ಲಿ ಶೇ. 33, ಹಳೇ ವಾರ್ಡಿನಲ್ಲಿ ಶೇ. 11.

ಕ್ಷಯ ಗಾಳಿಯಲ್ಲಿ ಹರಡುತ್ತದೆ ಎಂಬುದನ್ನು ಸಾಬೀತು ಮಾಡಿದ್ದು ಗಿನಿಪಿಗ್‌ಗಳು. ರೋಗಿ ಕೆಮ್ಮಿದಾಗ ಹಾರುವ ದಪ್ಪ ಹನಿಗಳು ಬೇಗ ನೆಲಕ್ಕೆ ಬೀಳುತ್ತವೆ. ಸಣ್ಣ ಹನಿಗಳು ಆರಿ, ರೋಗಾಣುವನ್ನು ಹೊತ್ತ ಸೂಕ್ಷ್ಮ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ಸಂಶೋಧಕ ವಿಲಿಯಂ ವೆಲ್ಸ್ ಹೀಗೆಂದಾಗ ನಂಬದವರೇ ಹೆಚ್ಚು. 1950ರ ದಶಕದಲ್ಲಿ ಅವರೂ ರಿಚರ್ಡ್ ರೈಲಿಯೂ ಅಮೆರಿಕದ ಬಾಲ್ಟಿಮೋರ್‌ನ ಆಸ್ಪತ್ರೆಯೊಂದರಲ್ಲಿ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಎಳೆದು, ಮೇಲಿನ ಗೂಡುಗಳಲ್ಲಿದ್ದ ಗಿನಿಪಿಗ್‌ಗಳಿಗೆ ಉಸಿರಾಡಲು ಕೊಟ್ಟರು. ರೋಗಿಗಳ ಮುಖವನ್ನೇ ಕಾಣದ ಆ ಪ್ರಾಣಿಗಳಿಗೆ ಕ್ಷಯ ಹತ್ತಿತು. ಇದೇ ಪ್ರಯೋಗವನ್ನು ಎಸ್ಕೋಂಬ್ ತಂಡ ಲಿಮಾದ ಆಸ್ಪತ್ರೆಯೊಂದರ ಮಹಡಿಯ ಮೇಲೆ ಮತ್ತೆ ಮಾಡಿತು. (ಗಿನಿಪಿಗ್‌ನ ತವರು ಪೆರುವಿನ ಆಂಡಿಸ್ ಸೀಮೆ. ಅಲ್ಲಿನವರಿಗೆ ಅದು ಹಬ್ಬದೂಟದ ಮಾಂಸ. ಈ ಗಿನಿಪಿಗ್‌ಗಳಿಗೆ ಬೇರೆ ಕೆಲಸ ಬಿತ್ತು.)

ಗಾಳಿ ಒಂದು ಸಲ ಬದಲಾದರೆ ಕೋಣೆ ಪೂರ್ತಿ ಶುದ್ಧ ಎಂದುಕೊಳ್ಳುವಂತಿಲ್ಲ. ಮಜ್ಜಿಗೆ ತುಂಬಿದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟಂತೆ, ಹೊಸದು ಹಳೆಯದರ ಜೊತೆ ಬೆರೆಯುತ್ತಲೇ ಹೊರಗೆ ಹರಿಯುತ್ತದೆ. ಒಂದು ಬದಲಾವಣೆಗೆ ಹೋಗುವುದು ಹಳೇ ಗಾಳಿಯ ಸುಮಾರು ಶೇ. 63 ಮಾತ್ರ. ಶೇ. 99ರಷ್ಟು ಹೊರಹೋಗಲು ಗಂಟೆಗೆ 2 ಸಲವಾದರೆ 138 ನಿಮಿಷ ಬೇಕು, 12 ಸಲವಾದರೆ 23 ನಿಮಿಷ, 40 ಸಲವಾದರೆ ಏಳು ನಿಮಿಷವೂ ಬೇಡ. ತಲೆಯ ಮೇಲೆ ತಿರುಗುವ ಫ್ಯಾನು ಇದ್ದ ಗಾಳಿಯನ್ನೇ ಕಲಕುತ್ತದೆ. ಗೋಡೆಗೆ ಹಾಕಿದ ಸಾಮಾನ್ಯ ಸ್ಪ್ಲಿಟ್ ಎ.ಸಿ.ಯೂ ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸಿ ಬಿಡುತ್ತದೆ, ಹೊರಗಿನದು ಒಂದು ಲೋಟವೂ ಬರುವುದಿಲ್ಲ. ಎ.ಸಿ. ಇದೆ ಎಂದು ಕಿಟಕಿ ಭದ್ರವಾಗಿ ಮುಚ್ಚಿದ ವಾರ್ಡು ಹೆಚ್ಚು ಆಧುನಿಕವಾಗಿ ಕಂಡೀತು. ಸೋಂಕಿನ ದೃಷ್ಟಿಯಿಂದ ಅದೇ ಹೆಚ್ಚು ಅಪಾಯದ್ದು.

ಎಷ್ಟು ಸಲ ಎಂಬುದರಷ್ಟೇ ಮುಖ್ಯ, ಎಷ್ಟು ಗಾಳಿ ಎಂಬುದು. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಗಂಟೆಗೆ 12 ಸಲ ಗಾಳಿ ಬದಲಾದರೆ ಸೆಕೆಂಡಿಗೆ 200 ಲೀಟರ್ ಬಂದಂತಾಯಿತು. ಚಾವಣಿಯನ್ನು ನಾಲ್ಕೂವರೆ ಮೀಟರಿಗೆ ಏರಿಸಿ, ಅದೇ 12 ಸಲವೆಂದರೆ 300 ಲೀಟರ್. ಅಲ್ಲಿ ಇಬ್ಬರ ಬದಲು ಐವರನ್ನು ಮಲಗಿಸಿದರೆ ತಲೆಗೆ ಸಿಗುವ ಪಾಲು ಕುಸಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ನೈಸರ್ಗಿಕ ಗಾಳಿಯ ಬಗ್ಗೆ ಮಾರ್ಗಸೂಚಿ ಬರೆದಾಗ ತಲೆಲೆಕ್ಕವನ್ನೇ ಹಿಡಿಯಿತು: ಸಾಮಾನ್ಯ ವಾರ್ಡಿನಲ್ಲಿ ಒಬ್ಬ ರೋಗಿಗೆ ಸೆಕೆಂಡಿಗೆ 60 ಲೀಟರ್, ಗಾಳಿಯಿಂದ ಹರಡುವ ರೋಗದವರ ಕೋಣೆಯಲ್ಲಿ 160 ಲೀಟರ್. ಹಳೇ ವಾರ್ಡುಗಳ ಗುಟ್ಟು ಇದೇ. ಅಲ್ಲಿ ಗಾಳಿಯೂ ಜಾಸ್ತಿ, ಅದು ಬದಲಾಗುವುದೂ ಜಾಸ್ತಿ.

ಈ ಕಟ್ಟಡಗಳು ಹೀಗಿದ್ದದ್ದು ಅದೃಷ್ಟವಶಾತ್ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎದುರುಬದುರು ಕಿಟಕಿಗಳ ಉದ್ದನೆಯ ವಾರ್ಡೇ ಬೇಕೆಂದು ಪಟ್ಟುಹಿಡಿದಿದ್ದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಸ್ಯಾನಿಟೋರಿಯಂ ಎದ್ದ ಕಾಲಕ್ಕೆ ಕ್ಷಯವನ್ನು ಕೊಲ್ಲುವ ಔಷಧವೇ ಇರಲಿಲ್ಲ; ಒಳ್ಳೆಯ ಗಾಳಿ, ಊಟ, ವಿಶ್ರಾಂತಿಯೇ ಚಿಕಿತ್ಸೆ. ಸ್ಟ್ರೆಪ್ಟೋಮೈಸಿನ್ ಮತ್ತದರ ಹಿಂದೆ ಬಂದ ಮಾತ್ರೆಗಳು ರೋಗಿಯನ್ನು ಮನೆಗೆ ಕಳಿಸಿದವು, ಅದು ದೊಡ್ಡ ಉಪಕಾರವೇ. ಜೊತೆಗೆ ಚಾವಣಿ ಕೆಳಗಿಳಿಯಿತು, ಕಿಟಕಿ ಕಿರಿದಾಯಿತು. ಹಳೇ ಗೋಡೆಗಳಲ್ಲಿದ್ದ ಜಾಣ್ಮೆಯನ್ನು ನಾವು ಬರೀ ಹಳತು ಎಂದು ಎಣಿಸಿಬಿಟ್ಟೆವು.

ಹಾಗಂತ ಕಟ್ಟಡ ಕೆಡವಬೇಕಿಲ್ಲ. ಅದೇ ತಂಡ ಲಿಮಾದ ಎರಡು ಆಸ್ಪತ್ರೆಗಳಲ್ಲಿ ರೋಗಿಗಳು ಕಾಯುವ ನಾಲ್ಕು ಕೋಣೆ ಮತ್ತು ವೈದ್ಯರು ನೋಡುವ ಎರಡು ಕೋಣೆಗಳಲ್ಲಿ ಗಾಳಿಗೆ ದಾರಿ ಮಾಡಿಕೊಟ್ಟು ಮತ್ತೆ ಅಳೆಯಿತು. ಕಾಯುವ ಕೋಣೆಯೊಂದರಲ್ಲಿ ಗಂಟೆಗೆ 9 ಸಲ ಇದ್ದದ್ದು 66ಕ್ಕೆ ಏರಿತು. ವೈದ್ಯರ ಕೋಣೆಗಳಲ್ಲಿ 3.6 ಇದ್ದದ್ದು 17, 2.7 ಇದ್ದದ್ದು 12 ಆಯಿತು. ಕ್ಷಯ ಹರಡುವ ಅಂದಾಜು ಅಪಾಯ ಸುಮಾರು ಶೇ. 72 ತಗ್ಗಿತು. ಆರರ ಪೈಕಿ ನಾಲ್ಕು ಕೋಣೆಗಳಿಗೆ ತಗುಲಿದ ಖರ್ಚು ತಲಾ 75 ಡಾಲರಿಗಿಂತ ಕಡಿಮೆ. ಉಳಿದೆರಡಕ್ಕೆ 1000 ಮತ್ತು 7000 ಡಾಲರ್.

ಕಿಟಕಿಯ ದೌರ್ಬಲ್ಯವೂ ಗೊತ್ತಿರಲಿ. ಲಿಮಾದಲ್ಲಿ ಮಳೆಯೇ ಅಪರೂಪ, ಚಳಿಯೂ ಹಿತಮಿತ. ನಮ್ಮಲ್ಲಿ ಕತ್ತಲಾದೊಡನೆ ಸೊಳ್ಳೆ, ಮಳೆಗಾಲದಲ್ಲಿ ಇರಚಲು. "ರೋಗಿಗೆ ಶೀತ ಆಗುತ್ತೆ ಕಣಮ್ಮ, ಮುಚ್ಚು" ಎನ್ನುವ ನೆಂಟರು ಬೇರೆ. ಜಾಲರಿ ಹಾಕಿದರೆ ಗಾಳಿ ತಗ್ಗುತ್ತದೆ, ಹಾಕದಿದ್ದರೆ ಡೆಂಗಿ. ಗಾಳಿ ಇಂಥ ದಿಕ್ಕಿಗೇ ಬೀಸಬೇಕೆಂದು ಕಿಟಕಿ ಹೇಳಲಾರದು, ಹಾಗಾಗಿ ಔಷಧಕ್ಕೆ ಬಗ್ಗದ ಕ್ಷಯದವರ ಕೋಣೆಗೆ ಗಾಳಿಯನ್ನು ಒಂದೇ ಕಡೆಗೆ ಎಳೆಯುವ ಯಂತ್ರ ಬೇಕಾದೀತು. ಚಾವಣಿಯ ಹತ್ತಿರ ನೇರಳಾತೀತ ದೀಪ ಹಾಕುವುದು ಇನ್ನೊಂದು ಉಪಾಯ: ಲಿಮಾದ ಮಹಡಿಯ ಗಿನಿಪಿಗ್‌ಗಳಲ್ಲಿ ದೀಪವಿಲ್ಲದಾಗ ಶೇ. 35ಕ್ಕೆ ಸೋಂಕು ತಗುಲಿದ್ದರೆ, ದೀಪವಿದ್ದಾಗ ಶೇ. 9.5ಕ್ಕೆ ಇಳಿಯಿತು. ದೀಪದ ಧೂಳು ಒರೆಸುವವರೂ ಇರಬೇಕು.

ಗಾಳಿ ಎತ್ತ ಹೋಗುತ್ತಿದೆ ಎಂದು ತಿಳಿಯಲು ಮಾಪಕವೇ ಬೇಕೆಂದಿಲ್ಲ. ಎರಡು ಊದುಬತ್ತಿ ಜೋಡಿಸಿ ಹಚ್ಚಿ, ವೈದ್ಯರ ಮೇಜಿನ ಬಳಿ ಹಿಡಿದರೆ ಸಾಕು. ಹೊಗೆ ರೋಗಿಯ ಕುರ್ಚಿಯಿಂದ ವೈದ್ಯರ ಮೂಗಿಗೆ ಬರುತ್ತಿದ್ದರೆ ಕುರ್ಚಿಗಳನ್ನು ಅದಲುಬದಲು ಮಾಡಬೇಕು. ಗಾಳಿಯ ದಿಕ್ಕು ಹೊತ್ತಿಗೊಂದು ಥರ ಇರುವುದರಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವುದು ಒಳ್ಳೆಯದು.